ಕಿಂಡಿಗೆ ಬಾಗಿಲಿಟ್ಟ ಮೇಸ್ತ್ರಿ

ಊರಿನವರು ಅವನನ್ನು ಕಿಂಡಿ ಮೇಸ್ತ್ರಿ ಎಂದು ಕರೆಯುತ್ತಿದ್ದುದು ಪ್ರೀತಿಯಿಂದಲ್ಲ. ಚಳಿಗಾಲ ಹತ್ತಿರ ಬಂತೆಂದರೆ ಜನ ಅಂಗಡಿಯಿಂದ ಗ್ಯಾಸ್ ಹೀಟರ್ ತಂದು, ಜೋಡಿಸಿಕೊಡು ಎಂದು ಇವನಿಗೆ ಹೇಳಿಕಳಿಸುತ್ತಿದ್ದರು. ಇವನೋ, ಬಂದವನೇ ಹೀಟರಿನ ಪೆಟ್ಟಿಗೆಯ ಕಡೆ ತಿರುಗಿಯೂ ನೋಡದೆ, ಚೀಲದಿಂದ ಡ್ರಿಲ್ ತೆಗೆದು ಗೋಡೆಯ ಮುಂದೆ ನಿಂತುಬಿಡುತ್ತಿದ್ದ. ನೆಲದಿಂದ ಗೇಣೆತ್ತರಕ್ಕೆ ಒಂದು ಕಿಂಡಿ, ಸೂರಿನಿಂದ ಗೇಣು ಕೆಳಗೆ ಇನ್ನೊಂದು. ಎರಡೂ ಹೊರಗಿನ ಬಯಲಿಗೇ ತೆರೆದಿರಬೇಕು, ಪಕ್ಕದ ಕೋಣೆಗಲ್ಲ. ಅದು ಮುಗಿದ ಮೇಲೆ ಹೀಟರಿನ ಮಾತು.

“ಬೆಚ್ಚಗಿರ್ಲಿ ಅಂತ ಹೀಟರ್ ತಂದ್ರೆ ನೀವು ಗೋಡೆಗೇ ತೂತು ಹೊಡೀತೀರಲ್ಲ ಮೇಸ್ತ್ರಿ?” ಎಂದು ಯಾರಾದರೂ ಬಾಯಿಬಿಟ್ಟರೋ, ಕೆಟ್ಟರು.

“ಈ ಹೀಟರಿಗೆ ಹೊಗೆಕೊಳವೆ ಎಲ್ಲಿದೆ, ತೋರಿಸ್ರೀ. ಇಲ್ಲ ತಾನೇ? ನೀವು ಉಸಿರಾಡೋ ಗಾಳೀನೇ ಅದೂ ತಿನ್ನುತ್ತೆ. ತಿಂದು ಉಗಿದಿದ್ದನ್ನ ನಿಮ್ಮ ಮೂಗಿಗೇ ಬಿಡುತ್ತೆ. ಕಿಂಡಿ ಬೇಡ ಅಂದ್ರೆ ಹೇಳ್ಬಿಡಿ, ಇದನ್ನ ವಾಪಸ್ ಕೊಟ್ಟು ಕಂಬಳಿ ತಗೊಳ್ಳಿ. ಕಂಬಳಿ ಇಲ್ಲೀವರೆಗೂ ಯಾರನ್ನೂ ಕೊಂದಿಲ್ಲ!”

ಅವನ ಕೋಪಕ್ಕೆ ದೊಡ್ಡವರು ಚಿಕ್ಕವರು ಎಂಬ ಭೇದವಿರಲಿಲ್ಲ. ಮಲಗುವ ಕೋಣೆಗೇ ಹೀಟರ್ ಹಾಕಿಕೊಡು ಎಂದು ಹಟ ಹಿಡಿದ ಡಾಕ್ಟರೊಬ್ಬರಿಗೆ, “ಹಾಕಿಕೊಡ್ತೀನಿ ಡಾಕ್ಟ್ರೇ, ಆದ್ರೆ ನಿಮ್ಮ ಮರಣದ ಸರ್ಟಿಫಿಕೇಟನ್ನ ಇವತ್ತೇ ಬರೆದಿಟ್ಟುಬಿಡಿ, ನಾಳೆ ನಿಮ್ಮ ಕೈಲಿ ಬರೆಯೋಕಾಗಲ್ಲ” ಎಂದಿದ್ದ. ಡಾಕ್ಟರು ಬಾಗಿಲು ತೋರಿಸಿದರು. ಇವನು ಹೋಗಲಿಲ್ಲ. ಹೀಟರನ್ನು ತಾನೇ ಹೊತ್ತು ಹಜಾರಕ್ಕೆ ತಂದಿಟ್ಟು, ಎರಡು ಕಿಂಡಿ ಕೊರೆದು, ಪರದೆಗಳನ್ನು ಮಾರು ದೂರಕ್ಕೆ ಸರಿಸಿ, ಕೊಳವೆಯ ಕೀಲುಗಳಿಗೆಲ್ಲ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೋ ಎಂದು ನೋಡಿ, ಉರಿ ನೀಲಿಯಾಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹೊರಟ.

ಕೆಲಸ ಮುಗಿಸಿ ಹೋದವನು ಸುಮ್ಮನಿರುತ್ತಿದ್ದನೇ? ಅದೂ ಇಲ್ಲ. ಬೀದಿಯಲ್ಲಿ ಹೋಗುವಾಗ ಒಂದೊಂದು ಮನೆಯ ಹೊರಗೋಡೆಯನ್ನೂ ಬಗ್ಗಿ ನೋಡುತ್ತಿದ್ದ. ಜನ ಕಿಂಡಿಗೆ ಏನೇನು ತುರುಕುತ್ತಿದ್ದರೋ ಶಿವನೇ ಬಲ್ಲ. ಹಳೇ ಪೇಪರು, ಕಾಲುಚೀಲ, ಒಂದು ಮನೆಯಲ್ಲಂತೂ ಇಡೀ ತಲೆದಿಂಬು. ಇವನು ಹೊರಗಿನಿಂದಲೇ ಕೋಲು ಹಾಕಿ ಒಳಕ್ಕೆ ತಳ್ಳುತ್ತಿದ್ದ. ಊಟಕ್ಕೆ ಕೂತವರ ಮುಂದೆ ಧೊಪ್ಪನೆ ಕಾಲುಚೀಲ ಬೀಳುತ್ತಿತ್ತು.

“ಗಾಳಿ ಬರುತ್ತೆ ಮೇಸ್ತ್ರಿ!” ಎಂದು ಒಳಗಿನಿಂದ ಕೂಗಿದರೆ, “ಬರ್ಲಿ ಅಂತ್ಲೇ ಅಲ್ವೇನ್ರೀ ತೂತು ಹೊಡೆದಿದ್ದು!” ಎಂದು ಇವನು ಹೊರಗಿನಿಂದ ಕೂಗುತ್ತಿದ್ದ.

ಈ ಸಿಟ್ಟು ಹುಟ್ಟುಗುಣವಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಗೋದಾಮಿನ ಕಾವಲುಗಾರನ ಕೋಣೆಯಲ್ಲಿ ಹೀಟರ್ ಕೆಟ್ಟಿದೆ ಎಂದು ಇವನನ್ನು ಕರೆದಿದ್ದರು. ಹೀಟರ್ ಚೆನ್ನಾಗಿಯೇ ಇತ್ತು. ಕಿಟಕಿಯ ಸಂದಿಗೊಂದಿಗಳಿಗೆಲ್ಲ ಟೇಪು ಅಂಟಿಸಿಕೊಂಡಿದ್ದ ಕಾವಲುಗಾರ ಕುರ್ಚಿಯಲ್ಲಿ ಕೂತಂತೆಯೇ ಇದ್ದ. ಕೆನ್ನೆ ಕೆಂಪಗೆ, ಬಿಸಿಲಲ್ಲಿ ಆಡಿ ಬಂದ ಮಗುವಿನ ಕೆನ್ನೆಯ ಹಾಗೆ. ಜೊತೆಗಿದ್ದವರು ಒಳ್ಳೇ ನಿದ್ದೆ ಎಂದು ಭುಜ ಅಲ್ಲಾಡಿಸಿದರೆ, ಮೈ ತಣ್ಣಗಿತ್ತು. ಮುಚ್ಚಿದ ಕೋಣೆಯಲ್ಲಿ ಹೀಟರ್ ಉಗುಳುವ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಕೆಮ್ಮು ಸಹ ಬರಿಸುವುದಿಲ್ಲ ಎಂದು ಅವನು ಕಲಿತದ್ದು ಅಂದು. ಆಮೇಲೆ ಯಾರಾದರೂ ಕಿಂಡಿ ಮುಚ್ಚಿದ್ದು ಕಂಡರೆ ಪಿತ್ತ ನೆತ್ತಿಗೇರುತ್ತಿತ್ತು.

ಇಷ್ಟೆಲ್ಲ ಹಾರಾಡುವ ಹುಲಿ ಒಬ್ಬಳ ಮುಂದೆ ಮಾತ್ರ ಬೆಕ್ಕು. ಅವನ ಅಕ್ಕ. ಇವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಇವನಿನ್ನೂ ಅಂಬೆಗಾಲಿಡುತ್ತಿದ್ದ. ಎತ್ತಿ ಆಡಿಸಿದವಳು, ತುತ್ತು ಇಟ್ಟವಳು, ಹೊಲಿಗೆ ಕಲಿತು ಇವನ ಅಂಗಿಚಡ್ಡಿ ಹೊಲಿದವಳು ಎಲ್ಲ ಅವಳೇ. ಅವಳಿಗೆ ಎದುರು ಮಾತಾಡಿದ್ದು ಇಷ್ಟು ವರ್ಷದಲ್ಲಿ ಒಂದು ಸಲವೂ ಇಲ್ಲ.

ಅಕ್ಕನದು ಬೀದಿಗೆ ಮುಖ ಮಾಡಿದ ಒಂದು ಹೊಲಿಗೆ ಕೋಣೆ. ನಾಲ್ಕು ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ. ಅಕ್ಕ, ಅವಳ ಮಗಳು, ಇನ್ನಿಬ್ಬರು ಹೆಂಗಸರು ದಿನವಿಡೀ ಅಲ್ಲೇ. ಬೀದಿಯ ಧೂಳು ಬಿಳಿ ಬಟ್ಟೆಗೆ ಕೂರುತ್ತದೆಂದು ಕಿಟಕಿಗಳಿಗೆ ಮೊಳೆ ಹೊಡೆದುಬಿಟ್ಟಿದ್ದಳು. ಚಳಿಗೆ ಬೆರಳು ಸೆಟೆದು ಸೂಜಿಗೆ ದಾರ ಪೋಣಿಸಲಾಗದೆ ಅಕ್ಕ ಒದ್ದಾಡುವುದನ್ನು ನೋಡಿ, ಮೇಸ್ತ್ರಿ ತಾನೇ ಹೀಟರ್ ತಂದು ಹಾಕಿಕೊಟ್ಟ. ಎರಡು ಕಿಂಡಿಯೂ ಕೊರೆದ.

ನಾಲ್ಕನೇ ದಿನ ಅಕ್ಕನ ಬುಲಾವು ಬಂತು.

“ಏನೋ ಇದು? ಕೆಳಗಿನ ಕಿಂಡಿಯ ಗಾಳಿ ನೆಟ್ಟಗೆ ನನ್ನ ಮಂಡಿಗೇ ಹೊಡೆಯುತ್ತೆ. ನಿನ್ನನ್ನ ಕೂರಿಸ್ಕೊಂಡು ತೂಗಿದ ಮಂಡಿ ಕಣೋ ಇದು.”

“ಅಕ್ಕಾ, ನಿನ್ನ ಯಂತ್ರ ಆ ಕಡೆಗೆ ಇಟ್ಕೊಡ್ತೀನಿ…”

“ಆ ಕಡೆ ಬೆಳಕಿಲ್ಲ. ಕಿಂಡಿಗೆ ಒಂದು ಪುಟ್ಟ ಬಾಗಿಲಿಟ್ಕೊಡು, ಸಾಕು. ಹೀಟರ್ ಆರಿಸಿದಾಗ ಮಾತ್ರ ಮುಚ್ತೀನಿ. ನಿನ್ನಾಣೆ.”

ಬೇರೆ ಯಾರಾದರೂ ಈ ಮಾತು ಆಡಿದ್ದರೆ ಬೀದಿರಂಪವಾಗುತ್ತಿತ್ತು. ಬೇರೆಯವರು ಆಡಿಯೂ ಇದ್ದರು; ಅವರಿಗೆಲ್ಲ ಬಿದ್ದ ಬೈಗುಳಕ್ಕೆ ಲೆಕ್ಕವಿಲ್ಲ. ಅಕ್ಕನ ಎದುರು ಮಾತ್ರ ಅವನ ನಾಲಿಗೆ ಏಳಲಿಲ್ಲ. ಮನೆಗೆ ಹೋಗಿ, ಒಳ್ಳೇ ಹಲಗೆ ಆರಿಸಿ, ಉಜ್ಜಿ ನಯ ಮಾಡಿ, ಎರಡು ಕಿಂಡಿಗೂ ಎರಡು ಬಾಗಿಲು ಮಾಡಿದ. ತಿರುಗಣಿ, ಚಿಲಕ, ಎಲ್ಲ ಅಚ್ಚುಕಟ್ಟು. ಅಕ್ಕ ಚಿಲಕ ಹಾಕಿ ತೆಗೆದು ನೋಡಿ, “ನನ್ನ ತಮ್ಮನ ಕೈ ಅಂದ್ರೆ ಕೈ” ಎಂದಳು. ಅವನು ಹಿಗ್ಗಿ ಹೀರೇಕಾಯಿಯಾದ. ಮೂರ್ಖ!

ಮರುವಾರದಿಂದ ಹೀಟರ್ ದಿನಾ ಮಧ್ಯಾಹ್ನ ತನಗೆ ತಾನೇ ಆರಿಹೋಗತೊಡಗಿತು.

“ಮಾವ, ನಿಮ್ಮ ಹೀಟರ್ ಕೆಟ್ಟಿದೆ” ಎಂದು ಅಕ್ಕನ ಮಗಳು ಫೋನು ಮಾಡಿದಳು. ಹೋಗಿ ನೋಡಿದರೆ ಎರಡು ಬಾಗಿಲಿಗೂ ಚಿಲಕ. ಅವನು ಮೆತ್ತಗೆ ತೆಗೆದ.

“ಅಕ್ಕಾ, ಇದು ಕೆಟ್ಟಿಲ್ಲ. ಒಳಗೆ ಒಂದು ಕಾವಲು ಕಡ್ಡಿ ಇದೆ. ಕೋಣೆ ಗಾಳಿ ಕೆಟ್ಟ ತಕ್ಷಣ ಅದನ್ನ ಕಾಯಿಸೋ ಸಣ್ಣ ಉರಿ ದೂರ ಸರಿಯುತ್ತೆ, ಕಡ್ಡಿ ತಣ್ಣಗಾಗುತ್ತೆ, ಗ್ಯಾಸ್ ತಾನೇ ನಿಂತುಹೋಗುತ್ತೆ. ನಿಮ್ಮನ್ನ ಉಳಿಸ್ತಾ ಇದೆ ಅದು.”

“ಈಗಷ್ಟೇ ಮುಚ್ಚಿದ್ದು ಕಣೋ, ಐದು ನಿಮಿಷ.”

“ಸರಿ ಅಕ್ಕ. ಇನ್ಮೇಲೆ ಮುಚ್ಬೇಡ.”

ಇಷ್ಟೇ. ಇನ್ನೊಂದು ಸಲ ಫೋನು ಬಂತು, ಇನ್ನೊಂದು ಸಲ ಹೋಗಿ ಚಿಲಕ ತೆಗೆದು, “ಮುಚ್ಬೇಡ ಅಕ್ಕ” ಎಂದು ಬಂದ. ಆಮೇಲೆ ಫೋನು ನಿಂತಿತು. ಅಕ್ಕ ಮಾತು ಕೇಳಿದಳು ಎಂದುಕೊಂಡ. ಊರವರ ಗೋಡೆಯನ್ನೆಲ್ಲ ಬಗ್ಗಿ ಬಗ್ಗಿ ನೋಡುವವನು ಅಕ್ಕನ ಗೋಡೆಯ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದ. ನೋಡಿದರೆ ಅವಳ ಮೇಲೆ ಅನುಮಾನ ಪಟ್ಟ ಹಾಗಾಗುತ್ತದಲ್ಲ ಎಂಬ ಸಂಕೋಚ. ಸಂಕೋಚವಂತೆ! ಅದಕ್ಕಿಷ್ಟು ಬೆಂಕಿ ಹಾಕ.

ಹದಿನೈದು ದಿನ ಕಳೆದಿರಬೇಕು. ಪ್ಯಾಂಟಿನ ಅಂಚು ಮಡಿಸಲು ಕೊಟ್ಟಿದ್ದ, ಅದನ್ನು ತರಲು ಮಧ್ಯಾಹ್ನ ಮೂರರ ಹೊತ್ತಿಗೆ ಅಕ್ಕನ ಕೋಣೆಗೆ ಹೋದ. ಬೀದಿಯ ತಿರುವಿಗೇ ಕೇಳಬೇಕಾಗಿದ್ದ ನಾಲ್ಕು ಯಂತ್ರದ ಸದ್ದು ಕೇಳಲಿಲ್ಲ. ಹಗಲು ಹೊತ್ತಿನಲ್ಲಿ ಆ ಯಂತ್ರಗಳು ನಿಂತದ್ದನ್ನು ಅವನು ಕಂಡಿರಲೇ ಇಲ್ಲ. ಬಾಗಿಲು ತಳ್ಳಿದ.

ಅಕ್ಕನ ಮಗಳು ಯಂತ್ರದ ಮೇಲೆ ತಲೆಯಿಟ್ಟಿದ್ದಳು. ಒಬ್ಬ ಹೆಂಗಸು ಬಕೀಟಿಗೆ ಬಾಗಿ ವಾಂತಿ ಮಾಡುತ್ತಿದ್ದಳು, ಇನ್ನೊಬ್ಬಳು ಹಣೆಗೆ ಬಟ್ಟೆ ಕಟ್ಟಿಕೊಂಡು ನೆಲದಲ್ಲಿ ಮಲಗಿದ್ದಳು. ಅಕ್ಕ ಗೋಡೆಗೊರಗಿ ಕೂತಿದ್ದಳು, ಕೆನ್ನೆ ಎರಡೂ ಕೆಂಪಗೆ. ಕಿಂಡಿಯ ಬಾಗಿಲುಗಳಿಗೆ ಚಿಲಕ. ಹೀಟರ್ ಮಾತ್ರ ಆರಿರಲಿಲ್ಲ. ಹಳದಿ ಉರಿ ಉದ್ದುದ್ದ ನಾಲಿಗೆ ಚಾಚಿ ಉರಿಯುತ್ತಿತ್ತು.

ಗ್ಯಾಸ್ ತಿರುಗಿಸಿ ನಿಲ್ಲಿಸಿದ. ಮೂಲೆಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಎತ್ತಿ ಕಿಟಕಿಯ ಗಾಜಿಗೆ ಬೀಸಿ ಒಗೆದ. ಅಕ್ಕನ ಕಂಕುಳಿಗೆ ಕೈಹಾಕಿ ದರದರ ಎಳೆದು ಬೀದಿಗೆ ತಂದು ಮಲಗಿಸಿ, ಮತ್ತೆ ಒಳಗೆ ನುಗ್ಗಿ ಒಬ್ಬೊಬ್ಬರನ್ನೇ ಎಳೆದು ತಂದ. ಅಷ್ಟರಲ್ಲಿ ಜನ ಸೇರಿದರು.

“ನೀರು ಕುಡಿಸ್ರೋ, ನೀರು!” ಎಂದ ಯಾರೋ ಒಬ್ಬ.

“ನೀರಲ್ವೋ ಮುಟ್ಠಾಳ, ಗಾಳಿ ಬಿಡ್ರೋ! ಸುತ್ತ ನಿಂತ್ಕೊಂಡು ಏನು ನೋಡ್ತೀರ, ಆಂಬುಲೆನ್ಸ್‌ಗೆ ಫೋನ್ ಮಾಡ್ರೋ!” ಎಂದು ಇವನು ಅರಚಿದ. ಅರಚುತ್ತಿದ್ದಂತೆ ಅಳು ಬಂತು.

ನಾಲ್ವರೂ ಉಳಿದರು. ಎರಡು ದಿನ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕ. ಇನ್ನರ್ಧ ಗಂಟೆ ತಡವಾಗಿದ್ದರೆ ಅಕ್ಕ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ದಿನಾ ತಲೆನೋವು ಬರುತ್ತಿತ್ತಂತೆ, ಮನೆಗೆ ಹೋದರೆ ಬಿಡುತ್ತಿತ್ತಂತೆ, ಕೆಲಸ ಹೆಚ್ಚಾಯಿತೆಂದು ನಾಲ್ವರೂ ಮಾತ್ರೆ ನುಂಗುತ್ತಿದ್ದರಂತೆ.

ಮೂರನೇ ದಿನ ಮೇಸ್ತ್ರಿ ಹೀಟರ್ ಬಿಚ್ಚಿದ. ಕಾವಲು ಕಡ್ಡಿಯನ್ನು ಯಾರೋ ಬಗ್ಗಿಸಿ ಉರಿಯೊಳಗೇ ತಳ್ಳಿದ್ದರು. ಗಾಳಿ ಎಷ್ಟು ಕೆಟ್ಟರೂ ಅದು ಇನ್ನು ತಣ್ಣಗಾಗುವಂತಿರಲಿಲ್ಲ. ಯಾರ ಕೆಲಸ ಎಂದು ಕೇಳಬೇಕಾಗಿರಲಿಲ್ಲ. ಅಕ್ಕನ ಅಳಿಯ ಹೊಲಿಗೆ ಯಂತ್ರ ರಿಪೇರಿಯವನು. ಕೈಗೆ ಇಕ್ಕಳ ಸಿಕ್ಕರೆ ಯಾವುದನ್ನೂ ಬಗ್ಗಿಸದೆ ಬಿಡುವವನಲ್ಲ. ಅಷ್ಟರಲ್ಲೇ ಅವನು, ಹೆಂಡತಿಗೆ ಬೇಕೆಂದು ಅವಳ ಶಾಲು ಒಯ್ಯಲು ಬಂದ.

“ಇದಕ್ಕೆ ಕೈ ಹಾಕಿದ್ದು ನೀನಾ?”

“ಹೌದು ಮಾವ. ಪದೇ ಪದೇ ಆರಿಹೋಗುತ್ತೆ ಅಂತ ಅತ್ತೆ ಕಾಟ ತಡೀಲಾರ್ದೆ…”

“ಲೋ! ಕಾವಲುಗಾರನ ಕತ್ತು ಹಿಸುಕಿ, ಮನೆಗೆ ಕಳ್ಳ ಬಂದ ಅಂತೀಯೇನೋ? ಗೊತ್ತಿಲ್ದಿದ್ರೆ ಕೇಳೋಕೇನು ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ? ನಾಲ್ಕು ಹೆಣ ಬೀಳ್ತಿತ್ತಲ್ಲೋ! ನಿನ್ನ ಹೆಂಡ್ತಿ ಕಣೋ ಒಬ್ಳು!” ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ.

ಅಳಿಯ ಬಿಡಿಸಿಕೊಳ್ಳಲಿಲ್ಲ. ಅವನ ಕಣ್ಣಲ್ಲೂ ನೀರಿತ್ತು.

“ಹೊಡೀರಿ ಮಾವ, ನನ್ನ ತಪ್ಪೇ. ಒಂದು ಮಾತು ಮಾತ್ರ ಕೇಳ್ತೀನಿ. ಇಡೀ ಊರಲ್ಲಿ ಯಾರ ಕಿಂಡಿಗೂ ಇಲ್ದಿರೋ ಬಾಗಿಲು ಈ ಮನೆಗೆ ಇಟ್ಟವರ್ಯಾರು? ಚಿಲಕ ಬೇರೆ. ಮೇಸ್ತ್ರೀನೇ ಇಟ್ಟಿದ್ದಾನೆ ಅಂದ್ಮೇಲೆ ಮುಚ್ಚಿದ್ರೇನೂ ಆಗಲ್ಲ ಅಂತ ತಾನೇ ನಾವೆಲ್ಲ ಅಂದ್ಕೊಂಡಿದ್ದು?”

ಮೇಸ್ತ್ರಿಯ ಕೈ ಸಡಿಲವಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ದನಕ್ಕೆ ಬೈದು ಏನು ಬಂತು? ಸುತ್ತಿಗೆ ತೆಗೆದು ಎರಡು ಬಾಗಿಲನ್ನೂ ಹೊಡೆದು ಕಿತ್ತ. ಚೂರಾದ ಮೇಲೂ ಹೊಡೆದ. ಅಳಿಯ ಮೂಲೆಯಲ್ಲಿ ನಿಂತು ನೋಡಿದ.

ವಾರ ಕಳೆದ ಮೇಲೆ ಅಕ್ಕನನ್ನು ನೋಡಲು ಹೋದ. ಮನೆಯ ಮುಂದೆ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಅರ್ಧ ಊರಿನ ಅಳತೆಯನ್ನು ಚೀಟಿಯಿಲ್ಲದೆ ತಲೆಯಲ್ಲಿ ಇಟ್ಟುಕೊಂಡಿದ್ದವಳು, ಈಗ ಊಟವಾಯಿತಾ ಎಂದು ಕೇಳಿ, ಐದು ನಿಮಿಷ ಬಿಟ್ಟು ಮತ್ತೆ ಅದನ್ನೇ ಕೇಳಿದಳು. ದಿನ ಕಳೆದಂತೆ ಸರಿಹೋಗಬಹುದು ಎಂದಿದ್ದರು ಡಾಕ್ಟರು. ಅವನು ಹೂಂಗುಟ್ಟುತ್ತ ಕಾಲ ಬಳಿ ಕೂತ.

“ಹೀಟರ್ ಯಾವಾಗ ಮತ್ತೆ ಹಾಕ್ತೀಯೋ?” ಎಂದಳು ಅಕ್ಕ. “ಬಾಗಿಲು ಕಿತ್ತು ಹಾಕಿದ್ಯಂತೆ. ಮೇಲಿಂದು ಬೇಡ, ಕೆಳಗಿನದಕ್ಕಾದ್ರೂ ಒಂದು ಇಟ್ಕೊಡು. ಈ ಮಂಡಿ…”

ಆಗ ಅವನು ಎದ್ದು ನಿಂತ. ಹುಟ್ಟಿದಾರಭ್ಯ ಬಾರದಿದ್ದದ್ದು ಬಂತು.

“ಮಂಡಿಯಂತೆ ಮಂಡಿ! ಬುದ್ಧಿ ಇದ್ಯೇನೇ ನಿನಗೆ? ಸತ್ತೋಗ್ತಿದ್ದೆ ಕಣೇ! ನಿನ್ನ ಮಗಳನ್ನೂ ಕರ್ಕೊಂಡು ಹೋಗ್ತಿದ್ದೆ! ನನ್ನಾಣೆ ಇಟ್ಟು ಚಿಲಕ ಹಾಕ್ಕೊಂಡು ಕೂತ್ಯಲ್ಲ, ನಾನು ಬಂದಾಗೆಲ್ಲ ಐದು ನಿಮಿಷ ಅಂತ ಸುಳ್ಳು ಹೇಳ್ದೆಯಲ್ಲ, ನಾಚಿಕೆ ಆಗಲ್ವಾ? ಬಾಗಿಲೂ ಇಲ್ಲ, ಹೀಟರೂ ಇಲ್ಲ! ಹೊಡೆದಿರೋ ಮೊಳೆ ಕಿತ್ತು ಕಿಟಕಿ ತೆಗಿ ಮೊದ್ಲು! ಚಳಿ ಆದ್ರೆ ಎರಡು ಸ್ವೆಟರ್ ಹಾಕ್ಕೊಂಡು ಸಾಯಿ!”

ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಎದುರು ಮನೆಯ ಹೆಂಗಸು ಬಟ್ಟೆ ಹಿಂಡುವುದನ್ನು ಬಿಟ್ಟು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮೇಸ್ತ್ರಿಗೆ ತಾನು ಯಾರಿಗೆ ಏನೆಂದೆ ಎಂದು ಹೊಳೆದದ್ದು ಆಗಲೇ. ಹೊಡೆತಕ್ಕೆ ಕಾದ ಹುಡುಗನ ಹಾಗೆ ನಿಂತುಬಿಟ್ಟ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

“ಊರೋರ್ಗೆಲ್ಲ ಹೀಗೇ ಬೈತೀಯೇನೋ?”

“ಹೂಂ.”

“ಅವರ್ಯಾರಿಗೂ ಏನೂ ಆಗಿಲ್ಲ, ಅಲ್ವಾ?”

“ಇಲ್ಲ.”

“ಹಾಗಾದ್ರೆ ನಾನೇನೋ ಪಾಪ ಮಾಡಿದ್ದೆ?” ಎಂದಳು ಅಕ್ಕ. “ಎತ್ತಿ ಆಡಿಸಿದೋಳು ನಾನು. ಇಷ್ಟು ದಿನ ನನಗೊಬ್ಬಳಿಗೆ ಯಾಕೋ ಬೈಲಿಲ್ಲ?”