ರಿಮೋಟ್ ಈಗ ಶಾಂತಕ್ಕನ ಹತ್ತಿರ ಇದೆ

ಗೆಳೆಯರೇ, ಇವತ್ತು ಮಧ್ಯಾಹ್ನ ಜೇವರ್ಗಿಯ ನನ್ನ ಖಾನಾವಳಿಯ ಟಿವಿಯಲ್ಲಿ ದಕ್ಷಿಣ ಏಷ್ಯಾ ಮಹಿಳಾ ಫುಟ್‌ಬಾಲ್ ನಡೆಯುತ್ತಿತ್ತು, ಭಾರತ–ನೇಪಾಳ ಪಂದ್ಯ. ಊಟಕ್ಕೆ ಕೂತಿದ್ದ ಕಾಂಟ್ರ್ಯಾಕ್ಟರ್ ಸಾಹೇಬರೊಬ್ಬರು, “ಹುಡುಗ್ಯಾರು ಚಡ್ಡಿ ಹಾಕ್ಕೊಂಡು ಓಡೋದು ಏನ್ ನೋಡ್ತೀರಿ? ಕ್ರಿಕೆಟ್ ಹಚ್ರಿ” ಎಂದು ತಾವೇ ರಿಮೋಟ್ ಒತ್ತಿದರು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ನಮ್ಮ ಅಡುಗೆಯ ಶಾಂತಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ನನ್ನ ಮಗಳೂ ಚಡ್ಡಿ ಹಾಕ್ಕೊಂಡೇ ಗೋಲ್ ಕಾಯ್ತಾಳ್ರಿ. ಆ ಆಟ ಹಚ್ಚೋತನಕ ನಾ ರೊಟ್ಟಿ ಬಡಿಯಂಗಿಲ್ಲ.”

ಸಾಹೇಬರು ನನ್ನ ಮುಖ ನೋಡಿದರು. “ಮಾಲಕಿ ನಾನಾದ್ರೂ ರೊಟ್ಟಿ ಆಕಿ ಕೈಯಾಗ ಅದಾವ್ರಿ” ಎಂದೆ. ತಟ್ಟೆಯಲ್ಲಿ ಪುಂಡಿಪಲ್ಯ ಆರುತ್ತಿತ್ತು. ಐದೇ ನಿಮಿಷದಲ್ಲಿ ಫುಟ್‌ಬಾಲ್ ಮರಳಿ ಬಂತು.

ರಿಮೋಟ್ ಈಗ ಒಲೆಯ ಪಕ್ಕ, ಹಿಟ್ಟಿನ ಡಬ್ಬಿಯ ಮೇಲಿದೆ. ಕ್ರಿಕೆಟ್ ಬೇಕಾದವರು ರೊಟ್ಟಿ ಬಡಿಯುವುದನ್ನು ಕಲಿತು ಬನ್ನಿ.