ಯಾನ್ಬುವಿನಲ್ಲಿ ಅಣ್ಣನ ಗೋರಿ ಹುಡುಕಿದ್ದು

ನಾನು ನೆಟ್ಟಿದ್ದ ಕಲ್ಲು ಅಲ್ಲಿರಲಿಲ್ಲ. ಅರಬಿ ನಾಡಿನ ಯಾನ್ಬು ಪಟ್ಟಣದ ಕಬರಸ್ಥಾನದಲ್ಲಿ ಮೂರು ಸುತ್ತು ಬಂದೆ. ಮರಳಿನ ದಿಬ್ಬಗಳೆಲ್ಲ ಒಂದೇ ತರ. ನನ್ನ ಜೊತೆ ಅಲ್ಲೇ ಕೆಲಸಕ್ಕಿದ್ದ ಅಣ್ಣ ಹಿಂದಿನ ವರ್ಷ ಜ್ವರದಿಂದ ತೀರಿಕೊಂಡಾಗ, ನಮ್ಮೂರಿನ ಕ್ರಮದಂತೆ ತಲೆಯ ಬದಿಗೆ ಕಲ್ಲು ನೆಟ್ಟು, ಹಸಿರು ಬಣ್ಣದಲ್ಲಿ ಕನ್ನಡದಲ್ಲೇ ಹೆಸರು ಬರೆದಿದ್ದೆ. ಈಗ ಕೆಲಸ ಬಿಟ್ಟು ಊರಿಗೆ ಹೊರಟಿದ್ದೆ. ಮತ್ತೆ ಬರುವ ಹಾಗಿರಲಿಲ್ಲ.

"ಎಂತ ಮಾರಾಯ, ಜಿದ್ದಾಕ್ಕೆ ಮುಟ್ಟುವುದು ಯಾವಾಗ? ವಿಮಾನ ನಿನಗೆ ಕಾಯ್ತದಾ?" ಗೇಟಿನ ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ಗೆಳೆಯ ಹಮೀದ್ ಕೂಗಿದ. ನಾನು ನಾಲ್ಕನೇ ಸುತ್ತು ಹೊರಟೆ.

ಅಲ್ಲಿನ ಕಾವಲಿನ ಅಜ್ಜ ಹತ್ತಿರ ಬಂದರು. ಹರುಕು ಅರಬಿಯಲ್ಲಿ ಕಲ್ಲಿನ ಬಗ್ಗೆ ಕೇಳಿದೆ.

"ತೆಗೆದದ್ದು ನಾನೇ, ಮಗನೇ. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ನನ್ನ ಅಪ್ಪನೂ ಇಲ್ಲೇ ಇದ್ದಾನೆ, ಯಾವ ಜಾಗ ಎಂದು ನನಗೂ ಗೊತ್ತಿಲ್ಲ" ಎಂದರು.

ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು. ಅಜ್ಜ ನನ್ನ ಭುಜ ಹಿಡಿದುಕೊಂಡರು. "ಎಲ್ಲರಿಗೂ ಒಟ್ಟಿಗೆ ಸಲಾಂ ಹೇಳು. ನಾನು ದಿನಾ ಬೆಳಿಗ್ಗೆ ಹಾಗೇ ಹೇಳುವುದು." ಆಮೇಲೆ ಅಣ್ಣನ ಹೆಸರು ಕೇಳಿ, ಚಪ್ಪಲಿ ಬಿಟ್ಟು, ಕೈಯೆತ್ತಿ ಅವನಿಗಾಗಿ ಪ್ರಾರ್ಥಿಸಿದರು. ನಾನು ಆಮೀನ್ ಎಂದೆ.

ಏಳು ವರ್ಷ ದುಡಿದ ಆ ದೇಶದ ಬಗ್ಗೆ ಊರಿನವರು ಸಂಬಳ ಎಷ್ಟು, ಸೆಕೆ ಎಷ್ಟು ಎಂದೇ ಕೇಳುತ್ತಾರೆ. ನನಗೆ ಆ ಅಜ್ಜನ ನೆನಪಾಗುತ್ತದೆ. ಅವರು ದಿನಾ ಸಲಾಂ ಹೇಳುವವರಲ್ಲಿ ನನ್ನ ಅಣ್ಣನೂ ಒಬ್ಬ. ಅಷ್ಟೇ ಸಮಾಧಾನ ನಾನು ಅಲ್ಲಿಂದ ತಂದದ್ದು.