ಆರು ಹತ್ತರ ಫೆರಿಯಲ್ಲಿ ಹದಿನೆಂಟು ನಿಮಿಷದ ಪಾಠ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಏಪ್ರಿಲ್ ಬಂದರೂ ಕಡಲ ಗಾಳಿ ಕಿವಿ ಕಚ್ಚುವುದನ್ನು ಬಿಟ್ಟಿಲ್ಲ. ನಾರ್ವೆ ಕರಾವಳಿಯ ಸ್ಕಾರ್ವೆ ದ್ವೀಪಕ್ಕೆ ಹೊರಡುವ ಮೊದಲ ಫೆರಿ ಬಾಗಿಲು ಇಳಿಸಿಕೊಂಡು ನಿಂತಿದೆ. ಅದರ ಹೊಸ್ತಿಲಲ್ಲಿ ಹಳದಿ ಕೋಟು ತೊಟ್ಟ ಬೋರ್ಗಿಲ್ಡ್ ಕ್ವಾಲ್ನೆಸ್ ಎರಡೇ ಬೆರಳು ಆಡಿಸಿ ವಾಹನಗಳನ್ನು ಒಳಗೆ ಕರೆಯುತ್ತಿದ್ದಾರೆ. ಮೀನಿನ ಲಾರಿ ನಡುವಿಗೆ, ಪುಟ್ಟ ಕಾರುಗಳು ಅಂಚಿಗೆ. ಕೂಗಾಟವಿಲ್ಲ, ಶಿಳ್ಳೆಯಿಲ್ಲ. ಇಪ್ಪತ್ತೆಂಟು ವಾಹನ ಹಿಡಿಯುವ ಜಾಗದಲ್ಲಿ ಇವತ್ತು ಹನ್ನೊಂದೇ ಇವೆ. ಆರು ಹತ್ತಕ್ಕೆ ಸರಿಯಾಗಿ ಬಾಗಿಲು ಮೇಲೇಳುತ್ತದೆ. ಅವರು ಕೈಗವಸು ಬಿಚ್ಚಿ ಜೇಬಿಗೆ ತುರುಕಿಕೊಂಡು, ಎರಡೆರಡು ಮೆಟ್ಟಿಲು ಹಾರುತ್ತ ಮೇಲಿನ ಕೋಣೆಗೆ ಬರುತ್ತಾರೆ.

ಅಲ್ಲಿ ಹದಿನಾಲ್ಕು ಜನ ಕಾಯುತ್ತಿದ್ದಾರೆ. ಮನೆಮನೆಗೆ ಹೋಗಿ ಮುದುಕರ ಆರೈಕೆ ಮಾಡುವ ನರ್ಸ್ ಯೋರುನ್, ಮೀನಿನ ಲಾರಿಯ ಓಡ್ಮುಂಡ್, ಮೀನು ಕತ್ತರಿಸುವ ಕಾರ್ಖಾನೆಯವರು. ಎಲ್ಲರ ಮುಂದೆ ಕಾಗದದಲ್ಲಿ ಸುತ್ತಿದ ಬುತ್ತಿ, ಕಾಫಿ, ಕಂಪ್ಯೂಟರ್. ದಡದಿಂದ ದ್ವೀಪಕ್ಕೆ ಇಪ್ಪತ್ತೆರಡು ನಿಮಿಷದ ದಾರಿ. ಬಾಗಿಲು ಎತ್ತುವ, ಇಳಿಸುವ ಹೊತ್ತು ಕಳೆದರೆ ಬೋರ್ಗಿಲ್ಡ್ ಅವರ ಕೈಯಲ್ಲಿ ಉಳಿಯುವುದು ಹದಿನೆಂಟು ನಿಮಿಷ. ಅಷ್ಟರಲ್ಲಿ ಅವರು ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಾರೆ. ಕ್ಯಾಪ್ಟನ್ನಿಗೆ ಗೊತ್ತು. ಗೊತ್ತಿಲ್ಲದವನ ಹಾಗೆ ಇರುತ್ತಾನೆ.

ನಾನು ಏಳು ವರ್ಷದಿಂದ ಇದೇ ಫೆರಿ ಹತ್ತುತ್ತಿದ್ದೇನೆ. ನನ್ನ ಕಾರಿಗೆ ದಿನಾ ದಾರಿ ತೋರಿಸುವ ಈ ಹೆಂಗಸಿನ ಹೆಸರು ನನಗೆ ಗೊತ್ತಾದದ್ದು ಹೋದ ಚಳಿಗಾಲದಲ್ಲಿ. ಬರೆದು ಹೊಟ್ಟೆ ಹೊರೆಯುವವಳಿಗೆ ಇದು ನಾಚಿಕೆಯ ಮಾತೇ.

ಬೋರ್ಗಿಲ್ಡ್ ಅವರಿಗೀಗ ಅರವತ್ತೆರಡು. ಇಪ್ಪತ್ತರ ವಯಸ್ಸಿನಲ್ಲಿ ಓಸ್ಲೋಗೆ ಓದಲು ಹೋಗಿ ಸಿಮುಲಾ ಎಂಬ ಭಾಷೆ ಕಲಿತರು. ಲೋಕದ ಆಗುಹೋಗುಗಳನ್ನು ಕಂಪ್ಯೂಟರಿನೊಳಗೆ ಆಡಿಸಿ ನೋಡಲೆಂದು ಅರವತ್ತರ ದಶಕದಲ್ಲಿ ಇದೇ ನಾರ್ವೆಯವರು ಕಟ್ಟಿದ ಭಾಷೆ ಅದು. ಎರಡನೆಯ ವರ್ಷ ಮುಗಿಯುವ ಮೊದಲೇ ಅಪ್ಪನಿಗೆ ಲಕ್ವ ಹೊಡೆಯಿತು. ದೋಣಿ ನೋಡಿಕೊಳ್ಳಲು ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಫೆರಿಗೆ ಸೇರಿದರು, ಮೂವತ್ತೇಳು ವರ್ಷವಾಯಿತು. ದಿನಕ್ಕೆ ಎಂಟು ಸಲ ಕಡಲು ದಾಟುತ್ತಾರೆ. ಬಿಟ್ಟುಬಂದ ಓದಿನ ಬಗ್ಗೆ ಬೇಸರವಿಲ್ಲವೇ ಎಂದರೆ ಭುಜ ಕುಣಿಸುತ್ತಾರೆ.

"ಬೇಸರ ಎಲ್ಲಿಂದ ಬರ್ಬೇಕು? ಅಲ್ಲಿ ಸರತಿ ಸಾಲನ್ನ ಕಾಗದದ ಮೇಲೆ ಬರೀತಿದ್ದೆ. ಇಲ್ಲಿ ಸಾಲೇ ಬಂದು ನನ್ನ ಮುಂದೆ ನಿಲ್ಲುತ್ತೆ."

ಪಾಠ ಶುರುವಾದದ್ದು ಜನವರಿಯಲ್ಲಿ, ಒಂದು ಸುತ್ತೋಲೆಯಿಂದ. ಆಗಸ್ಟಿನಿಂದ ಆರು ಹತ್ತರ ಫೆರಿ ರದ್ದು, ಪ್ರಯಾಣಿಕರು ಏಳು ಇಪ್ಪತ್ತೈದರದ್ದು ಹಿಡಿಯಬಹುದು, ಕಂಪ್ಯೂಟರಿನಲ್ಲಿ ಆಡಿಸಿ ನೋಡಿದ್ದೇವೆ, ಯಾರಿಗೂ ತೊಂದರೆಯಿಲ್ಲ ಎಂದು ಸಾರಿಗೆ ಕಚೇರಿ ತಿಳಿಸಿತ್ತು. ಆಕ್ಷೇಪಣೆಗೆ ಏಪ್ರಿಲ್ ಮೊದಲ ವಾರದವರೆಗೆ ಅವಕಾಶ. ಬೋರ್ಗಿಲ್ಡ್ ಆ ಪ್ರೋಗ್ರಾಂ ತರಿಸಿಕೊಂಡು ಓದಿದರು. ಅದರಲ್ಲಿ ಇದ್ದದ್ದು ಒಂದೇ ಬಗೆಯ ಪ್ರಯಾಣಿಕ. ಫೆರಿ ಇಲ್ಲದಿದ್ದರೆ ಏನು ಮಾಡುತ್ತೀಯ ಎಂದು ಕೇಳಿದರೆ ಅವನ ಉತ್ತರವೂ ಒಂದೇ: ಕಾಯುತ್ತೇನೆ.

"ಸುತ್ತಾಡೋಕೆ ಬಂದವನೂ ಕಾಯ್ತಾನೆ, ಮೀನಿನ ಲಾರೀನೂ ಕಾಯುತ್ತೆ, ನರ್ಸೂ ಕಾಯ್ತಾಳೆ. ಇಡೀ ಊರಿಗೆ ಒಂದೇ ಬಾಯಿ ಇಟ್ಟಿದ್ರು" ಎನ್ನುತ್ತಾರೆ.

ಹಾಗಾದರೆ ಸರಿಯಾದದ್ದನ್ನು ನಾವೇ ಕಟ್ಟೋಣ ಎಂದು ಹೊರಟರು. ಆದರೆ ಒಬ್ಬರೇ ಬರೆಯಲು ಒಪ್ಪಲಿಲ್ಲ. ಪ್ರೋಗ್ರಾಮಿನೊಳಗೆ ಪ್ರತಿಯೊಬ್ಬರೂ ತಮ್ಮನ್ನು ತಾವೇ ಬರೆಯಬೇಕು ಎಂದರು. ಮೀನು ಕತ್ತರಿಸುವವರಿಗೆ ಪ್ರೋಗ್ರಾಂ ಬರೆಯಲು ಕಲಿಸುವುದೆಂದರೆ ತಮಾಷೆಯೇ? ಅವರು ಹಿಡಿದ ದಾರಿ ಮಾತ್ರ ಬಲು ಸರಳವಾಗಿತ್ತು. ಫೆರಿಯ ಅಡುಗೆಮನೆಯಲ್ಲಿ ಬೇಯುವ ಸ್ವೆಲೆ ಎಂಬ ದಪ್ಪ ದೋಸೆಯನ್ನೇ ಮುಂದಿಟ್ಟರು. ಅದನ್ನು ಮಾಡುವ ವಿಧಾನ ಗೋಡೆಯ ಮೇಲೆ ಒಂದೇ ಇದೆ, ಪ್ರೋಗ್ರಾಮಿನ ಮಾತಿನಲ್ಲಿ ಅದು ಕ್ಲಾಸ್. ಆ ವಿಧಾನದಿಂದ ತಟ್ಟೆಗೆ ಬಿದ್ದದ್ದು ಆಬ್ಜೆಕ್ಟ್. ಒಂದಕ್ಕೆ ಬೆಣ್ಣೆ ಸವರಿದರೆ ಪಕ್ಕದ್ದಕ್ಕೆ ಹತ್ತುವುದಿಲ್ಲ. ಓಡ್ಮುಂಡ್ ಮೊದಲ ವಾರ ಕಾಫಿ ಲೋಟವನ್ನು ಆಬ್ಜೆಕ್ಟಿನಲ್ಲಿ ಇಡುವ ಬದಲು ಕ್ಲಾಸಿನಲ್ಲೇ ಇಟ್ಟುಬಿಟ್ಟ. ಅವನೊಬ್ಬ ಕುಡಿದರೆ ಹದಿನಾಲ್ಕು ಜನರ ಲೋಟವೂ ಖಾಲಿ! ಇವನು ನಿಜವಾಗಿ ಇರುವುದೂ ಹೀಗೆಯೇ ಎಂದು ಕಾರ್ಖಾನೆಯವರು ವಾರವಿಡೀ ಕಾಡಿದರು.

ಹತ್ತುವುದು, ಕೂರುವುದು, ಇಳಿಯುವುದು ಎಲ್ಲ ಪ್ರಯಾಣಿಕರಿಗೂ ಸಮ. ಅದನ್ನು ಒಂದು ಸಲ ಬರೆದಿಟ್ಟರೆ ನರ್ಸಿಗೂ ಲಾರಿಯವನಿಗೂ ಬಳುವಳಿಯಾಗಿ ಸಿಗುತ್ತದೆ. ಆಮೇಲೆ ಅವರವರದ್ದು ಸೇರಿಸಿಕೊಂಡರಾಯಿತು. ಎಲ್ಲರಿಗೂ ಕೇಳುವ ಪ್ರಶ್ನೆ ಒಂದೇ, ಉತ್ತರ ಮಾತ್ರ ಅವರವರದೇ. ಬೋರ್ಗಿಲ್ಡ್ ಅವರ ಅತಿ ಕಟ್ಟುನಿಟ್ಟಿನ ನಿಯಮವೊಂದಿತ್ತು. ಒಬ್ಬರ ಆಬ್ಜೆಕ್ಟಿನ ಒಳಗೆ ಇನ್ನೊಬ್ಬರು ಕೈ ಹಾಕಬಾರದು.

"ಪಕ್ಕದವರ ಬುತ್ತಿ ಬಿಚ್ಚಿ ನೋಡ್ತೀರಾ? ಇಲ್ಲ ತಾನೆ? ಬೇಕಾದ್ರೆ ಕೇಳಿ. ಕೊಟ್ಟಷ್ಟು ತಗೊಳ್ಳಿ" ಎಂದು ಹೇಳಿದ್ದರಂತೆ. ಈ ಊರಿನವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ.

ಮಾರ್ಚ್ ಹನ್ನೊಂದರ ಬೆಳಿಗ್ಗೆ ಹದಿನಾಲ್ಕು ಜನರ ಬರಹವನ್ನೂ ಸೇರಿಸಿ ಮೊದಲ ಸಲ ಓಡಿಸಿದರು. ಆರು ಹತ್ತರ ಫೆರಿ ತೆಗೆದರೆ ಎಷ್ಟು ಜನರಿಗೆ ತೊಂದರೆ? ಪರದೆಯ ಮೇಲೆ ಸೊನ್ನೆ ಮೂಡಿತು.

ಎರಡು ತಿಂಗಳು ನಿದ್ದೆಗೆಟ್ಟು ಕಲಿತು, ಕಚೇರಿಯ ಮಾತನ್ನೇ ತಾವೂ ಹೇಳಿದ ಹಾಗಾಗಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ನಮ್ಮ ಜನರ ಸ್ವಭಾವದಲ್ಲಿ. ಫೆರಿ ಇಲ್ಲದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಹದಿನಾಲ್ಕು ಜನರೂ, ಒಬ್ಬರಿಗೊಬ್ಬರು ತೋರಿಸದೆ, ಒಂದೇ ಉತ್ತರ ಬರೆದಿದ್ದರು: ಪರವಾಗಿಲ್ಲ, ಹೇಗೋ ಆಗುತ್ತದೆ. ಕಾಲು ಮುರಿದುಕೊಂಡು ಬಿದ್ದಿದ್ದರೂ ಇಲ್ಲಿಯವರು ಹೇಳುವುದು ಇದನ್ನೇ. ನನಗೆ ಆ ದಿನ ಸಿಟ್ಟೇ ಬಂದಿತ್ತು.

ತಿದ್ದುವುದು ಒಂದು ನಿಮಿಷದ ಕೆಲಸ, ಎಲ್ಲವೂ ಬೋರ್ಗಿಲ್ಡ್ ಅವರ ಕಂಪ್ಯೂಟರಿನಲ್ಲೇ ಇತ್ತು. ನೀವೇ ಬದಲಾಯಿಸಿಬಿಡಿ ಎಂದು ಓಡ್ಮುಂಡ್ ಹೇಳಿಯೂ ಹೇಳಿದ. ಅವರು ಒಪ್ಪಲಿಲ್ಲ. ಎರಡು ದಿನ ಪಾಠವನ್ನೂ ಮಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಕಂಪ್ಯೂಟರನ್ನು ಕಂಕುಳಲ್ಲಿ ಇರುಕಿಕೊಂಡು ದ್ವೀಪದಲ್ಲಿ ಇಳಿದು, ಎಂಬತ್ತೆಂಟರ ಅಜ್ಜ ಆನ್‌ಫಿನ್ ಅವರ ಅಡುಗೆಮನೆಗೆ ನಡೆದರು.

ಆನ್‌ಫಿನ್ ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಏಳಕ್ಕೆ ಯೋರುನ್ ಬಂದು ಇನ್ಸುಲಿನ್ ಕೊಟ್ಟು, ಊದಿದ ಕಾಲಿಗೆ ಬಿಗಿ ಕಾಲುಚೀಲ ಏರಿಸಿದ ಮೇಲೆಯೇ ಅವರು ಹಾಸಿಗೆ ಬಿಟ್ಟು ಏಳಬೇಕು, ತಿಂಡಿ ತಿನ್ನಬೇಕು. ಫೆರಿ ಹತ್ತುವವರನ್ನೇ ಬರೆದಿದ್ದೆವು, ಆ ಕಡೆ ಕಾಯುವವರನ್ನು ಬರೆದೇ ಇರಲಿಲ್ಲ ಎಂದು ಬೋರ್ಗಿಲ್ಡ್ ಅವರಿಗೆ ಹೊಳೆದದ್ದು ಇಲ್ಲಿಯೇ. ಅಜ್ಜ ಒಂದೇ ಬೆರಳಿನಲ್ಲಿ ನಲವತ್ತು ನಿಮಿಷ ಕುಟ್ಟಿ ತಮ್ಮನ್ನು ಬರೆದುಕೊಂಡರು. ವಯಸ್ಸಾದ ಮೇಲೆ ಸಂಕೋಚ ಬಿಟ್ಟವರಲ್ಲಿ ಅವರೊಬ್ಬರು.

"ಯೋರುನ್ ಎಂಟೂಕಾಲಿಗೆ ಬಂದ್ರೆ ಏನು ಮಾಡ್ತೀ ಅಂತ ಬೋರ್ಗಿಲ್ಡ್ ಕೇಳಿದ್ಳು. ಏನು ಮಾಡ್ಲಿ, ಒಂದೂಕಾಲು ಗಂಟೆ ಹಸ್ಕೊಂಡು ಸೂರು ನೋಡ್ತಾ ಬಿದ್ದಿರ್ತೀನಿ ಅಂತ ಬರೆದೆ. ಇರೋದನ್ನ ಬರೆಯೋಕೇನು ನಾಚಿಕೆ?" ಎಂದು ಆಮೇಲೆ ಮಾತಾಡಿಸಲು ಹೋದ ನನ್ನನ್ನೇ ಗದರಿದರು.

ಹೀಗೆ ಕಾಯುವವರು ಒಂಬತ್ತು ಜನ ಬರೆದುಕೊಟ್ಟರು. ಈಗ ಯೋರುನ್ ತಡವಾದರೆ ಅವಳ ಆಬ್ಜೆಕ್ಟು ಆನ್‌ಫಿನ್ ಅವರ ಆಬ್ಜೆಕ್ಟಿಗೆ ಸುದ್ದಿ ಮುಟ್ಟಿಸುತ್ತದೆ, ಉತ್ತರ ಅವರು ಕೊಡುತ್ತಾರೆ. ಎರಡನೆಯ ಸಲ ಓಡಿಸಿದಾಗ ಪರದೆ ತುಂಬಿತು. ಯೋರುನ್: ಪರವಾಗಿಲ್ಲ. ಅದರ ಕೆಳಗೇ, ಆನ್‌ಫಿನ್: ಹಸಿವು, ಎಪ್ಪತ್ತೈದು ನಿಮಿಷ. ಯೋರುನ್ ಅದನ್ನು ಓದಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಅವಳ ಕಾಫಿ ಆರಿಹೋಯಿತು.

ಇದನ್ನೇ ಆಕ್ಷೇಪಣೆಯಾಗಿ ಸಾರಿಗೆ ಕಚೇರಿಗೆ ಕೊಟ್ಟರು. ಏಪ್ರಿಲ್ ಮೂರರ ವಿಚಾರಣೆಗೆ ನಾನೂ ಹೋಗಿದ್ದೆ. ಕಚೇರಿಯ ಎಂಜಿನಿಯರ್ ಒರಟನೇನಲ್ಲ, ಕುತೂಹಲದಿಂದಲೇ ಎಲ್ಲವನ್ನೂ ನೋಡಿದ. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟು, ನರ್ಸೇ ಪರವಾಗಿಲ್ಲ ಎನ್ನುತ್ತಿದ್ದಾರಲ್ಲ, ಇದಕ್ಕೇನು ಹೇಳುತ್ತೀರಿ ಎಂದು ಬೋರ್ಗಿಲ್ಡ್ ಅವರನ್ನು ಕೇಳಿದ. ಇಡೀ ಆಕ್ಷೇಪಣೆ ಬಿದ್ದುಹೋಗಲು ಆ ಒಂದು ಸಾಲು ಸಾಕಿತ್ತು.

"ಅದು ಅವಳ ಸಾಲು" ಎಂದರು ಬೋರ್ಗಿಲ್ಡ್. "ನಾನು ಉತ್ತರ ಕೊಡೋ ಹಾಗಿಲ್ಲ. ಅವಳು ಅಲ್ಲೇ ಕೂತಿದ್ದಾಳೆ, ಕೇಳಿ."

ಯೋರುನ್ ಎದ್ದು ನಿಂತಳು. ಕತ್ತಿನವರೆಗೂ ಕೆಂಪಾಗಿದ್ದಳು.

"ಅದು ಸುಳ್ಳು. ಬರೆದದ್ದು ನಾನೇ. ಹತ್ತೊಂಬತ್ತು ವರ್ಷದಿಂದ ಏಳು ಗಂಟೆಗೆ ಬಾಗಿಲು ತಟ್ತಾ ಬಂದಿದೀನಿ. ಆ ಮುದುಕ ಹಸಿದು ಮಲಗಿರ್ತಾನೆ ಅಂತ ಗೊತ್ತಿದ್ದೂ ಏಳೂ ಇಪ್ಪತ್ತೈದರ ಫೆರಿ ಹತ್ತೋಕೆ ನನ್ನ ಕೈಲಿ ಆಗೋದಿಲ್ಲ."

ಇಷ್ಟು ಹೇಳಿ ಕೂತುಬಿಟ್ಟಳು. ಎಂಜಿನಿಯರ್ ಅದನ್ನು ಕೈಯಾರೆ ಬರೆದುಕೊಂಡ.

ಮೊನ್ನೆ ಪತ್ರ ಬಂದಿದೆ. ಆರು ಹತ್ತರ ಫೆರಿ ಇನ್ನು ಎರಡು ವರ್ಷ ಓಡುತ್ತದೆ. ಕ್ಯಾಪ್ಟನ್ ಓದಿ ಹೇಳಿದಾಗ ಬೋರ್ಗಿಲ್ಡ್ ತಲೆಯಾಡಿಸಿ ಲಾರಿಗೆ ದಾರಿ ತೋರಿಸಲು ಹೋದರಂತೆ. ಇದನ್ನೆಲ್ಲ ಬರೆಯುತ್ತೇನೆ ಎಂದು ನಾನು ಹೇಳಿದಾಗ, ತಾವು ಪ್ರೋಗ್ರಾಮಿನಲ್ಲಿ ಬರೆದದ್ದು ಬರೀ ಫೆರಿಯನ್ನು, ಉಳಿದದ್ದು ಆ ಜನರದು ಎಂದು ನುಣುಚಿಕೊಳ್ಳಲು ನೋಡಿದರು. ನಾನು ಬಿಡಲಿಲ್ಲ. ಹೆಮ್ಮೆ ಅನ್ನಿಸಿದ್ದು ಏನೂ ಇಲ್ಲವೇ ಎಂದು ಕೇಳಿದೆ. ಕೈಗವಸು ಹಾಕಿಕೊಳ್ಳುತ್ತ ಹೇಳಿದರು.

"ವಿಚಾರಣೆ ಆದ ಮಾರನೇ ದಿನ ಯೋರುನ್ ಬೇಗ ಬಂದಿದ್ಳು. ಕಂಪ್ಯೂಟರ್ ಕೊಡು ಅಂದ್ಳು, ಕೊಟ್ಟೆ. ತನ್ನ ಉತ್ತರ ತಾನೇ ಅಳಿಸಿ ಬೇರೆ ಬರೆದ್ಳು. ಏನು ಬರೆದ್ಳು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಸಮುದ್ರದ ಕಡೆ ತಿರುಗಿ ನಿಂತಿದ್ದೆ."